ಕೂಟದಲ್ಲಿ ಮಾತು ಬೆಳೆಸುವ ಆಟಗಳು ಮತ್ತು ಪ್ರಶ್ನೆಗಳು: ಆತಿಥೇಯರಿಗೊಂದು ಮಾರ್ಗದರ್ಶಿ

ಪರಸ್ಪರ ಅಷ್ಟಾಗಿ ಪರಿಚಯವಿಲ್ಲದ ಹತ್ತು ಹನ್ನೆರಡು ಮಂದಿಯನ್ನು ಒಂದೇ ಕೋಣೆಯಲ್ಲಿ ಸೇರಿಸಿದಾಗ ಮೊದಲ ಅರ್ಧ ಗಂಟೆಯಲ್ಲಿ ಏನಾಗುತ್ತದೆ ಎಂಬುದು ಒಮ್ಮೆಯಾದರೂ ಆತಿಥ್ಯ ವಹಿಸಿದವರಿಗೆಲ್ಲ ಗೊತ್ತು. ಮೊದಲೇ ಬಲ್ಲವರು ಒಂದು ಮೂಲೆಯಲ್ಲಿ ಗುಂಪುಗೂಡುತ್ತಾರೆ, ಒಬ್ಬಂಟಿಯಾಗಿ ಬಂದವರು ಮೊಬೈಲ್ ಹೊರತೆಗೆಯುತ್ತಾರೆ, ಅರಳು ಹುರಿದಂತೆ ಮಾತನಾಡುವ ಒಬ್ಬರು ಇಡೀ ಕೋಣೆಯನ್ನು ತಮ್ಮ ವಶಕ್ಕೆ ತೆಗೆದುಕೊಳ್ಳುತ್ತಾರೆ. ಈ ಹೊತ್ತನ್ನು ದಾಟಿಸುವುದಕ್ಕೆಂದೇ ಆಟಗಳು ಇರುವುದು. ಆಟವೆಂಬುದು ಮಾತಿಗೆ ಒಂದು ನೆಪ. ಆಟದ ನಡುವೆ ಯಾರೋ ಹೇಳಿದ ಸಂಗತಿಯನ್ನು ಹಿಡಿದುಕೊಂಡು ಎಲ್ಲರೂ ಮಾತಿಗಿಳಿದು, ಆಟ ಅರ್ಧಕ್ಕೇ ಮರೆತುಹೋದರೆ ಆತಿಥೇಯರು ಬೇಸರಪಡಬೇಕಾಗಿಲ್ಲ, ಏಕೆಂದರೆ ಆಟವನ್ನು ಇಟ್ಟುಕೊಂಡದ್ದೇ ಅದಕ್ಕಾಗಿ. ಮುಂದಿನ ಸೂಚನೆಗಳನ್ನು ಈ ಅಳತೆಗೋಲಿನಿಂದಲೇ ನೋಡಬೇಕು.

ಮೊದಲ ಹೆಜ್ಜೆ: ತಲೆ ಎಣಿಸುವುದು

ಆಟವನ್ನು ಆರಿಸುವ ಮೊದಲು ಎಷ್ಟು ಜನ ಬರುತ್ತಾರೆ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ತಾನಾಗಿ ಕೂಡಿಕೊಳ್ಳುವ ಹರಟೆಯ ಗುಂಪುಗಳನ್ನು ಗಮನಿಸಿದ ರಾಬಿನ್ ಡನ್‌ಬಾರ್ ಮತ್ತು ಅವರ ಸಹೋದ್ಯೋಗಿಗಳು 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದೇ ಸಂಭಾಷಣೆ ಹಿಡಿದಿಟ್ಟುಕೊಳ್ಳಬಲ್ಲದ್ದು ಸುಮಾರು ನಾಲ್ಕು ಜನರನ್ನು ಮಾತ್ರ. ಐದನೆಯವರು ಬಂದ ಮೇಲೆ ಗುಂಪು ಎರಡಾಗಿ ಒಡೆಯತೊಡಗುತ್ತದೆ, ಇಲ್ಲವೇ ಒಬ್ಬರು ಭಾಷಣಕಾರರಾಗಿ ಉಳಿದವರು ಸಭಿಕರಾಗುತ್ತಾರೆ. ಹಾಗಾಗಿ ನಾಲ್ವರಿದ್ದರೆ ಆಟದ ಅಗತ್ಯವೇ ಬಾರದು, ಒಂದೆರಡು ಒಳ್ಳೆಯ ಪ್ರಶ್ನೆಗಳು ಸಾಕು. ಆರರಿಂದ ಹನ್ನೆರಡರವರೆಗೆ ಒಂದೇ ವೃತ್ತದಲ್ಲಿ ಆಡುವ ಆಟಗಳು ನಡೆಯುತ್ತವೆ. ಅದಕ್ಕೂ ಮೀರಿದರೆ ತಂಡಗಳಾಗಿ ಒಡೆಯಲೇಬೇಕು, ಆ ಒಡೆಯುವ ಕೆಲಸವನ್ನು ಆತಿಥೇಯರೇ ಮಾಡಬೇಕು. ನಿಮ್ಮ ಇಷ್ಟದಂತೆ ತಂಡ ಕಟ್ಟಿಕೊಳ್ಳಿ ಎಂದು ಬಿಟ್ಟರೆ ಬಲ್ಲವರು ಬಲ್ಲವರೊಂದಿಗೇ ಸೇರುತ್ತಾರೆ, ಕೊನೆಗೆ ಉಳಿದವರ ಮುಜುಗರವನ್ನು ನೋಡಲಾಗುವುದಿಲ್ಲ.

ಇಲ್ಲಿಯೇ ಒಂದು ಲೆಕ್ಕ ಹೇಳಿಬಿಡುತ್ತೇನೆ. ಹನ್ನೆರಡು ಜನರನ್ನು ವೃತ್ತದಲ್ಲಿ ಕೂರಿಸಿ, ಪ್ರತಿಯೊಬ್ಬರೂ ಎರಡು ನಿಮಿಷ ತಮ್ಮನ್ನು ಪರಿಚಯಿಸಿಕೊಳ್ಳಲಿ ಎಂದರೆ 24 ನಿಮಿಷ ಹಿಡಿಯುತ್ತದೆ. ಅದರಲ್ಲಿ ಪ್ರತಿಯೊಬ್ಬರೂ 2 ನಿಮಿಷ ಮಾತನಾಡಿ 22 ನಿಮಿಷ ಕೇಳುತ್ತಾರೆ, ಅದೂ ತಮ್ಮ ಸರದಿ ಬಂದಾಗ ಏನು ಹೇಳುವುದೆಂಬ ಚಿಂತೆಯಲ್ಲಿ ಅರೆಬರೆ ಕೇಳುತ್ತಾರೆ. ಅದೇ ಹನ್ನೆರಡು ಜನರನ್ನು ಆರು ಜೋಡಿಗಳಾಗಿಸಿ ಆರು ಆರು ನಿಮಿಷದ ನಾಲ್ಕು ಸುತ್ತು ನಡೆಸಿದರೆ, ಅಷ್ಟೇ ಹೊತ್ತಿನಲ್ಲಿ ಪ್ರತಿಯೊಬ್ಬರಿಗೂ ಹನ್ನೆರಡು ನಿಮಿಷ ಮಾತು ಸಿಗುತ್ತದೆ ಮತ್ತು ನಾಲ್ವರ ಪರಿಚಯವಾಗುತ್ತದೆ. ವೃತ್ತಾಕಾರದ ಪರಿಚಯವೆಂಬ ಪದ್ಧತಿಯನ್ನು ನಾನು ಬಹಳ ಹಿಂದೆಯೇ ಕೈಬಿಟ್ಟದ್ದು ಈ ಲೆಕ್ಕದಿಂದಾಗಿ.

ಎರಡನೆಯ ಹೆಜ್ಜೆ: ಮಾತಿಲ್ಲದ ಆಟದಿಂದ ಆರಂಭ

ಹೊಸಬರ ನಡುವೆ ಬಾಯಿ ತೆರೆಯುವುದೇ ಕಷ್ಟವಾಗಿರುವಾಗ ಮಾತಿನ ಆಟದಿಂದಲೇ ಆರಂಭಿಸುವುದು ಈಜು ಬಾರದವರನ್ನು ನಡುಹೊಳೆಗೆ ತಳ್ಳಿದಂತೆ. ಮೊದಲ ಆಟದಲ್ಲಿ ಕೈಕಾಲು ಆಡಬೇಕು, ತಪ್ಪಿದರೂ ಯಾರ ಮಾನವೂ ಹೋಗಬಾರದು, ಐದು ನಿಮಿಷದೊಳಗೆ ಮುಗಿಯಬೇಕು.

ಇದಕ್ಕೆ ಹುಟ್ಟುಹಬ್ಬದ ಸಾಲು ಬಹಳ ಚೆನ್ನಾಗಿ ಒದಗುತ್ತದೆ. ಜನವರಿ 1ರಿಂದ ಡಿಸೆಂಬರ್ 31ರವರೆಗಿನ ಕ್ರಮದಲ್ಲಿ ಎಲ್ಲರೂ ಸಾಲಾಗಿ ನಿಲ್ಲಬೇಕು, ಆದರೆ ಒಬ್ಬರೂ ಮಾತನಾಡುವಂತಿಲ್ಲ, ಬರೆದು ತೋರಿಸುವಂತಿಲ್ಲ. ಬೆರಳುಗಳಲ್ಲಿ ತಿಂಗಳು ತೋರಿಸುತ್ತಾ, ದಿನಾಂಕಕ್ಕೆ ಕೈಬೀಸುತ್ತಾ, ಒಬ್ಬರನ್ನೊಬ್ಬರು ಹಿಂದಕ್ಕೂ ಮುಂದಕ್ಕೂ ಸರಿಸುತ್ತಾ ಸಾಲು ರೂಪುಗೊಳ್ಳುತ್ತದೆ. ಕೊನೆಯಲ್ಲಿ ಪ್ರತಿಯೊಬ್ಬರೂ ದಿನಾಂಕವನ್ನು ಗಟ್ಟಿಯಾಗಿ ಹೇಳಿದಾಗ ಒಬ್ಬಿಬ್ಬರಾದರೂ ತಪ್ಪು ಜಾಗದಲ್ಲಿ ನಿಂತಿರುತ್ತಾರೆ, ಆ ತಪ್ಪಿಗೆ ಎಲ್ಲರೂ ಒಟ್ಟಿಗೆ ನಗುತ್ತಾರೆ. ಹುಟ್ಟಿದ ವರ್ಷವನ್ನು ಕೇಳಬಾರದು. ಗುಂಪಿನಲ್ಲಿ 23 ಜನರಿದ್ದರೆ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಂಭವ ಅರ್ಧಕ್ಕಿಂತ ತುಸು ಹೆಚ್ಚು, 30 ಜನರಿದ್ದರೆ ಸುಮಾರು ಶೇಕಡ 70. ಸಾಲು ನಿಲ್ಲುವ ಮೊದಲೇ ಇದನ್ನು ಹೇಳಿ, ಇಲ್ಲಿ ಅಂಥ ಜೋಡಿ ಇದೆಯೇ ಇಲ್ಲವೇ ಎಂದು ಊಹಿಸಲು ಬಿಟ್ಟರೆ ಎಲ್ಲರ ಕುತೂಹಲ ಕೆರಳುತ್ತದೆ. ಈ ಸಾಲಿನ ಇನ್ನೊಂದು ಪ್ರಯೋಜನವೆಂದರೆ ಅದನ್ನು ನಡುವೆ ತುಂಡರಿಸಿದರೆ ಎರಡು ತಂಡಗಳು ಸಿದ್ಧ. ಯಾರ ಆಯ್ಕೆಯೂ ಇಲ್ಲ, ಯಾರ ಮನಸ್ಸೂ ನೋಯುವುದಿಲ್ಲ.

ಮೂರನೆಯ ಹೆಜ್ಜೆ: ಎಲ್ಲರನ್ನೂ ಒಳಗೊಳ್ಳುವ ಒಂದು ದೊಡ್ಡ ಆಟ

ಕೂಟಕ್ಕೆ ಒಂದು ದೊಡ್ಡ ಆಟ ಸಾಕು. ಒಂದೇ ಒಂದನ್ನು ಆರಿಸಬೇಕೆಂದರೆ ನಾನು ಆರಿಸುವುದು ಚೀಟಿಗಳ ಬಟ್ಟಲಿನ ಆಟವನ್ನು. ಅದಕ್ಕೆ ಬೇಕಾದದ್ದು ಕಾಗದದ ತುಂಡುಗಳು, ಪೆನ್ನುಗಳು, ಒಂದು ಬಟ್ಟಲು ಮತ್ತು ಮೊಬೈಲಿನಲ್ಲಿರುವ ಟೈಮರ್.

ಪ್ರತಿಯೊಬ್ಬರೂ ಮೂರು ಚೀಟಿಗಳಲ್ಲಿ ಒಂದೊಂದು ಪದ ಬರೆಯುತ್ತಾರೆ: ಒಂದು ವಸ್ತು, ಒಬ್ಬ ಪ್ರಸಿದ್ಧ ವ್ಯಕ್ತಿ, ಒಂದು ಕ್ರಿಯೆ, ಹೀಗೆ ಯಾವುದಾದರೂ ಆಗಬಹುದು, ಆದರೆ ಕೋಣೆಯಲ್ಲಿರುವ ಹೆಚ್ಚಿನವರಿಗೆ ಗೊತ್ತಿರಬೇಕು. ಹನ್ನೆರಡು ಜನರಿದ್ದರೆ 36 ಚೀಟಿಗಳಾಗುತ್ತವೆ. ಎಲ್ಲವನ್ನೂ ಮಡಿಸಿ ಬಟ್ಟಲಿಗೆ ಹಾಕಿ, ಆರು ಆರು ಜನರ ಎರಡು ತಂಡ ಮಾಡಬೇಕು. ಮೊದಲ ಸುತ್ತಿನಲ್ಲಿ ತಂಡದ ಒಬ್ಬರು ಒಂದು ನಿಮಿಷದ ಅವಧಿಯಲ್ಲಿ ಚೀಟಿಗಳನ್ನು ಒಂದೊಂದಾಗಿ ಎತ್ತಿ, ಅದರಲ್ಲಿರುವ ಪದವನ್ನು ಉಚ್ಚರಿಸದೆ ವರ್ಣಿಸುತ್ತಾರೆ. ಅವರ ತಂಡದವರು ಊಹಿಸಿದಷ್ಟು ಚೀಟಿಗಳು ಆ ತಂಡಕ್ಕೆ ಸೇರುತ್ತವೆ. ನಿಮಿಷ ಮುಗಿದೊಡನೆ ಬಟ್ಟಲು ಎದುರು ತಂಡಕ್ಕೆ ಹೋಗುತ್ತದೆ. ಬಟ್ಟಲು ಖಾಲಿಯಾದಾಗ ಅಂಕ ಬರೆದುಕೊಂಡು, ಅವೇ ಚೀಟಿಗಳನ್ನು ಮತ್ತೆ ಮಡಿಸಿ ಒಳಗೆ ಹಾಕಬೇಕು. ಎರಡನೆಯ ಸುತ್ತಿನಲ್ಲಿ ವರ್ಣಿಸುವವರಿಗೆ ಒಂದೇ ಒಂದು ಪದ ಬಳಸಲು ಅವಕಾಶ. ಮೂರನೆಯ ಸುತ್ತಿನಲ್ಲಿ ಆ ಒಂದು ಪದವೂ ಇಲ್ಲ, ಅಭಿನಯ ಮಾತ್ರ.

ಒಂದು ಪದದಿಂದ ಊಹಿಸುವುದು ಹೇಗೆ ಸಾಧ್ಯ ಎಂದು ಆಟವನ್ನು ನೋಡದವರು ಕೇಳುತ್ತಾರೆ. ಮೊದಲ ಸುತ್ತಿನಲ್ಲಿ ಎಲ್ಲ 36 ಪದಗಳನ್ನೂ ಎಲ್ಲರೂ ಕೇಳಿರುತ್ತಾರೆ, ಅಷ್ಟೇ ಅಲ್ಲ, ಯಾವ ಪದವನ್ನು ಯಾರು ಎಷ್ಟು ವಿಚಿತ್ರವಾಗಿ ವರ್ಣಿಸಿದರು ಎಂಬುದೂ ನೆನಪಿರುತ್ತದೆ. ಕೊಡೆ ಎಂಬ ಪದವನ್ನು ಗಾಬರಿಯಲ್ಲಿ ತಲೆಯ ಮೇಲೆ ಹಿಡಿದುಕೊಳ್ಳುವ ಕೋಲು ಎಂದು ವರ್ಣಿಸಿದವರಿದ್ದರೆ, ಮೂರನೆಯ ಸುತ್ತಿನಲ್ಲಿ ಯಾರಾದರೂ ಕೋಲು ಹಿಡಿದಂತೆ ಕೈಯೆತ್ತಿದೊಡನೆ ಇಡೀ ಕೋಣೆ ನಕ್ಕು ಉತ್ತರ ಹೇಳುತ್ತದೆ. ಒಂದು ಗಂಟೆಯ ಹಿಂದೆ ಹೆಸರೂ ಗೊತ್ತಿರದವರ ನಡುವೆ ಆಗಲೇ ಒಂದು ಒಳಹಾಸ್ಯ ಹುಟ್ಟಿರುತ್ತದೆ, ಮತ್ತು ಅಭಿನಯಕ್ಕೆ ಸಾಮಾನ್ಯವಾಗಿ ಹಿಂಜರಿಯುವವರೂ ಆ ಹಂತಕ್ಕೆ ಬರುವಷ್ಟರಲ್ಲಿ ಸಂಕೋಚ ಕಳೆದುಕೊಂಡಿರುತ್ತಾರೆ. ನೇರವಾಗಿ ಮೂಕಾಭಿನಯದಿಂದ ಆರಂಭಿಸುವ ಆಟಗಳಲ್ಲಿ ಈ ಏರುಕ್ರಮ ಇರುವುದಿಲ್ಲ. ಅಲ್ಲಿ ಮೊದಲು ಎದ್ದು ನಿಲ್ಲಬೇಕಾದವರ ಪಾಡು ಪಾಡಲ್ಲ. ಮೂರೂ ಸುತ್ತುಗಳಿಗೆ ಮುಕ್ಕಾಲು ಗಂಟೆ ಎತ್ತಿಟ್ಟುಕೊಳ್ಳುವುದು ಒಳ್ಳೆಯದು.

ಗುಟ್ಟಾಗಿ ಪಾತ್ರ ಹಂಚಿಕೊಂಡು ಆಡುವ ಮಾಫಿಯಾ ಆಟವನ್ನು ಅನೇಕರು ಇಷ್ಟಪಡುತ್ತಾರೆ. ಮಾಸ್ಕೋ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ದಿಮಿತ್ರಿ ಡೇವಿಡಾಫ್ 1980ರ ದಶಕದ ಉತ್ತರಾರ್ಧದಲ್ಲಿ ರೂಪಿಸಿದ ಈ ಆಟಕ್ಕೆ ಆಂಡ್ರ್ಯೂ ಪ್ಲಾಟ್ಕಿನ್ 1997ರಲ್ಲಿ ತೋಳಮನುಷ್ಯರ ವೇಷ ತೊಡಿಸಿದರು. ಇಂದು ಎರಡೂ ರೂಪಗಳು ಚಾಲ್ತಿಯಲ್ಲಿವೆ. ಗುಟ್ಟು ಬಲ್ಲ ಕೆಲವೇ ಜನ ಒಂದು ಕಡೆ, ಏನೂ ತಿಳಿಯದ ಬಹುಜನ ಇನ್ನೊಂದು ಕಡೆ ಇರುವುದೇ ಅದರ ತಿರುಳು, ಅದರ ರಂಜನೆಯೂ ಅಲ್ಲಿಯೇ ಇದೆ. ಆದರೂ ಹೊಸಬರ ಕೂಟಕ್ಕೆ ನಾನು ಇದನ್ನು ಸೂಚಿಸುವುದಿಲ್ಲ. ಮೊದಲ ಸುತ್ತಿನಲ್ಲೇ ಆಟದಿಂದ ಹೊರಬಿದ್ದವರು ಅರ್ಧ ಗಂಟೆ ಸುಮ್ಮನೆ ಕೂರಬೇಕಾಗುತ್ತದೆ, ಮತ್ತು ಪರಿಚಯವೇ ಇಲ್ಲದವರ ಮೇಲೆ ಸುಳ್ಳುಗಾರರೆಂದು ಆರೋಪ ಹೊರಿಸುವುದು ಕೆಲವರಿಗೆ ಹಿತವಾಗುವುದಿಲ್ಲ. ಒಬ್ಬರನ್ನೊಬ್ಬರು ಚೆನ್ನಾಗಿ ಬಲ್ಲ ಏಳೆಂಟು ಗೆಳೆಯರಿದ್ದರೆ ಧಾರಾಳವಾಗಿ ಆಡಬಹುದು.

ನಾಲ್ಕನೆಯ ಹೆಜ್ಜೆ: ಆಟದಿಂದ ಮಾತಿಗೆ ಸೇತುವೆ

ದೊಡ್ಡ ಆಟ ಮುಗಿದ ಮೇಲೆ ಜನ ಕುಳಿತುಕೊಳ್ಳಲು ಬಯಸುತ್ತಾರೆ. ಆಟವೂ ಹೌದು, ಸಂಭಾಷಣೆಯೂ ಹೌದು ಎನ್ನುವಂಥವು ಈಗ ಬೇಕು.

ಎರಡು ನಿಜ ಒಂದು ಸುಳ್ಳು ಎಂಬ ಆಟ ಎಲ್ಲರಿಗೂ ಗೊತ್ತಿರುವುದರಿಂದಲೇ ಅದನ್ನು ಹೆಚ್ಚಿನವರು ಕೆಟ್ಟದಾಗಿ ಆಡಿಸುತ್ತಾರೆ. ತಮ್ಮ ಬಗ್ಗೆ ಮೂರು ಹೇಳಿಕೆ ಕೊಟ್ಟು ಸುಳ್ಳು ಯಾವುದೆಂದು ಊಹಿಸಿ ಎಂದಷ್ಟಕ್ಕೇ ನಿಲ್ಲಿಸಿದರೆ ಅದು ಬರಿಯ ಜೂಜು. ಕಣ್ಣುಮುಚ್ಚಿ ಊಹಿಸಿದವರೂ ಮೂರರಲ್ಲಿ ಒಂದು ಸಲ ಗೆಲ್ಲುತ್ತಾರೆ. ಊಹೆಗೆ ಮೊದಲು ಕೇಳುಗರು ಒಟ್ಟು ಐದು ಪ್ರಶ್ನೆ ಕೇಳಬಹುದು ಎಂಬ ನಿಯಮ ಸೇರಿಸಿದರೆ ಆಟದ ಸ್ವರೂಪವೇ ಬದಲಾಗುತ್ತದೆ. ಒಬ್ಬರು ತಾನು ಒಂದು ರಾತ್ರಿ ರೈಲು ನಿಲ್ದಾಣದಲ್ಲಿ ಮಲಗಿದ್ದೆ ಎಂದರೆ, ಯಾಕೆ ರೈಲು ತಪ್ಪಿತು, ತಲೆದಿಂಬಿಗೆ ಏನು ಮಾಡಿದಿರಿ, ಬೆಳಿಗ್ಗೆ ನಿಮ್ಮನ್ನು ಎಬ್ಬಿಸಿದವರು ಯಾರು ಎಂದು ಪ್ರಶ್ನೆಗಳು ಬರುತ್ತವೆ, ಉತ್ತರಗಳಿಂದ ಒಂದು ಕಥೆಯೇ ಹೊರಬೀಳುತ್ತದೆ. ಆಡುವವರಿಗೆ ಕೊಡಬಹುದಾದ ಸಲಹೆ ಇಷ್ಟೇ: ನಿಜಗಳು ನಂಬಲಾಗದಂತಿರಲಿ, ಸುಳ್ಳು ತೀರ ಸಾಮಾನ್ಯವಾಗಿರಲಿ.

ಇಪ್ಪತ್ತು ಪ್ರಶ್ನೆಗಳ ಆಟಕ್ಕೂ ಒಂದು ಯುಕ್ತಿಯಿದೆ. ಹೌದು ಅಥವಾ ಇಲ್ಲ ಎಂಬ ಉತ್ತರ ಬರುವ ಪ್ರತಿ ಪ್ರಶ್ನೆಯೂ ಉಳಿದ ಸಾಧ್ಯತೆಗಳನ್ನು ಸರಿಯಾಗಿ ಅರ್ಧಕ್ಕೆ ಇಳಿಸುವಂತಿದ್ದರೆ ಇಪ್ಪತ್ತು ಪ್ರಶ್ನೆಗಳಲ್ಲಿ 10,48,576 ವಸ್ತುಗಳ ನಡುವೆ ಒಂದನ್ನು ಹೆಕ್ಕಬಹುದು. ಅದು ಆನೆಯೇ ಎಂದು ಮೊದಲೇ ಕೇಳುವವರಿಗಿಂತ ಅದಕ್ಕೆ ಜೀವವಿದೆಯೇ ಎಂದು ಕೇಳುವವರು ಬೇಗ ಗೆಲ್ಲುತ್ತಾರೆ. ಮಕ್ಕಳೂ ಹಿರಿಯರೂ ಬೆರೆತಿರುವಲ್ಲಿ ಇದು ಸಲೀಸಾಗಿ ನಡೆಯುತ್ತದೆ.

ಮಾತಿಗಿಂತ ಬರವಣಿಗೆಯಲ್ಲಿ ಹಗುರವಾಗುವವರು ಗುಂಪಿನಲ್ಲಿ ಹೆಚ್ಚಿದ್ದರೆ ಮಡಿಸಿದ ಕಾಗದದ ಆಟವನ್ನು ಹಿಡಿಯಬಹುದು. ಒಬ್ಬರು ಕಥೆಯ ಎರಡು ಸಾಲು ಬರೆದು, ಎರಡನೆಯ ಸಾಲು ಮಾತ್ರ ಕಾಣುವಂತೆ ಮಡಿಸಿ ಪಕ್ಕದವರಿಗೆ ದಾಟಿಸುತ್ತಾರೆ, ಅವರು ಅದನ್ನು ಮುಂದುವರಿಸುತ್ತಾರೆ. ಪ್ಯಾರಿಸ್ಸಿನ ಸರ್ರಿಯಲಿಸ್ಟ್ ಕಲಾವಿದರು ಮತ್ತು ಕವಿಗಳು 1925ರ ಸುಮಾರಿಗೆ ಇಂಥದೇ ಆಟವಾಡಿ ವಿಲಕ್ಷಣ ವಾಕ್ಯಗಳನ್ನೂ ಚಿತ್ರಗಳನ್ನೂ ಸೃಷ್ಟಿಸಿದರು.

ಐದನೆಯ ಹೆಜ್ಜೆ: ಪ್ರಶ್ನೆಗಳನ್ನು ಕಟ್ಟುವುದು

ಕೂಟದಲ್ಲಿ ಕೇಳುವ ಪ್ರಶ್ನೆ ಕೆಡುವುದು ಹೆಚ್ಚಾಗಿ ಎರಡು ಕಾರಣಗಳಿಂದ. ಒಂದು, ಅದಕ್ಕೆ ಒಂದೇ ಪದದ ಉತ್ತರ ಸಾಕಾಗುತ್ತದೆ. ಎಲ್ಲಿ ಕೆಲಸ ಮಾಡುತ್ತೀರಿ ಎಂದು ಕೇಳಿದರೆ ಹೆಸರೊಂದು ಬರುತ್ತದೆ, ಆಮೇಲೆ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಎರಡು, ಅದು ಅತಿ ದೊಡ್ಡದಾಗಿರುತ್ತದೆ. ನಿಮ್ಮ ಬದುಕಿನ ಅತ್ಯಂತ ಸಂತೋಷದ ದಿನ ಯಾವುದು ಎಂದು ಕೇಳಿದೊಡನೆ ಎದುರಿನವರು ಇಡೀ ಬದುಕನ್ನು ಜಾಲಾಡಿ, ಬಂದ ದಿನಗಳನ್ನೆಲ್ಲ ತೂಗಿ ನೋಡಿ, ತೀರ್ಪು ಕೊಡಬೇಕಾಗುತ್ತದೆ. ಅಷ್ಟರಲ್ಲಿ ಮಾತಿನ ಓಘ ನಿಂತಿರುತ್ತದೆ. ಅತ್ಯಂತ ಎಂಬ ಪದವನ್ನು ತೆಗೆದು ಇತ್ತೀಚೆಗೆ ಎಂಬ ಪದವನ್ನು ಇಟ್ಟರೆ ಹೆಚ್ಚಿನ ಪ್ರಶ್ನೆಗಳು ಜೀವ ತಳೆಯುತ್ತವೆ. ಇತ್ತೀಚೆಗೆ ನಿಮ್ಮನ್ನು ಜೋರಾಗಿ ನಗಿಸಿದ ಸಂಗತಿ ಯಾವುದು ಎಂದರೆ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ.

ಆರಂಭಕ್ಕೆ ಹೊಂದುವ ಕೆಲವು ಪ್ರಶ್ನೆಗಳು ಇಲ್ಲಿವೆ. ಯಾವ ಸಣ್ಣ ವಿಷಯದ ಬಗ್ಗೆ ನೀವು ಅಗತ್ಯಕ್ಕಿಂತ ಹೆಚ್ಚು ಹಟ ಹಿಡಿಯುತ್ತೀರಿ? ಚಿಕ್ಕವರಿದ್ದಾಗ ನಿಜವೆಂದೇ ನಂಬಿದ್ದ ಒಂದು ಸುಳ್ಳು ಯಾವುದು? ನಿಮ್ಮ ಮನೆಯಲ್ಲಿ ಉಪಯೋಗವಿಲ್ಲದಿದ್ದರೂ ಎಸೆಯಲು ಮನಸ್ಸಾಗದ ವಸ್ತು ಏನಿದೆ? ನೀವು ಹತ್ತು ನಿಮಿಷದಲ್ಲಿ ನಮಗೆಲ್ಲ ಕಲಿಸಬಹುದಾದ ವಿದ್ಯೆ ಯಾವುದು? ಇವುಗಳಿಗೆ ಯಾರೂ ತಮ್ಮ ಅಂತಸ್ತನ್ನು ಹೇಳಿಕೊಳ್ಳಬೇಕಾಗಿಲ್ಲ, ಆದರೂ ಪ್ರತಿ ಉತ್ತರದಲ್ಲಿ ಆ ವ್ಯಕ್ತಿಯ ಒಂದು ಓರೆ ಕಾಣುತ್ತದೆ.

ಮಾತು ಕಾವೇರಿದ ಮೇಲೆ ತುಸು ಆಳಕ್ಕೆ ಇಳಿಯಬಹುದು. ಯಾವ ಅಭಿಪ್ರಾಯವನ್ನು ನೀವು ವಯಸ್ಸಾದಂತೆ ಬದಲಾಯಿಸಿಕೊಂಡಿರಿ? ಯಾರಿಗಾದರೂ ಹೇಳಬೇಕೆಂದುಕೊಂಡು ಹೇಳದೆ ಉಳಿದ ಧನ್ಯವಾದ ಇದೆಯೇ? ನಿಮ್ಮನ್ನು ಹೊಸದಾಗಿ ನೋಡಿದವರು ನಿಮ್ಮ ಬಗ್ಗೆ ಸಾಮಾನ್ಯವಾಗಿ ಏನೆಂದು ತಪ್ಪು ತಿಳಿಯುತ್ತಾರೆ? ಆರ್ಥರ್ ಆರನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಪರಿಚಿತರ ಜೋಡಿಗಳಿಗೆ ಮೂರು ಕಂತುಗಳಲ್ಲಿ 36 ಪ್ರಶ್ನೆಗಳನ್ನು ಕೊಟ್ಟು ಸುಮಾರು 45 ನಿಮಿಷ ಮಾತನಾಡಿಸಿದರು. ಹೀಗೆ ಮಾತನಾಡಿದವರಲ್ಲಿ ಬರಿಯ ಲೋಕಾಭಿರಾಮದಲ್ಲಿ ತೊಡಗಿದ ಜೋಡಿಗಳಿಗಿಂತ ಹೆಚ್ಚಿನ ಆಪ್ತತೆ ಬೆಳೆದಿತ್ತು. ಆ ಪ್ರಶ್ನೆಗಳ ಪಟ್ಟಿಯನ್ನೇ ಕೂಟದಲ್ಲಿ ಓದುವ ಉತ್ಸಾಹ ಕೆಲವರಿಗಿದೆ, ಆದರೆ ಅದು ಇಬ್ಬರಿಗಾಗಿ ರೂಪಿಸಿದ್ದು, ಹನ್ನೆರಡು ಜನರ ಎದುರು ಅಲ್ಲಿನ ಕೊನೆಯ ಕಂತಿನ ಪ್ರಶ್ನೆಗಳು ಭಾರವಾಗುತ್ತವೆ. ನಾವು ಕಲಿಯಬೇಕಾದದ್ದು ಅದರ ಏರುಕ್ರಮವನ್ನು: ಹಗುರವಾದದ್ದು ಮೊದಲು, ಭಾರವಾದದ್ದು ಕೊನೆಗೆ, ಮತ್ತು ಕೇಳಿದವರೂ ಅದೇ ಪ್ರಶ್ನೆಗೆ ಉತ್ತರ ಕೊಡಬೇಕು.

ಒಂದು ಪ್ರಶ್ನೆಗೆ ಉತ್ತರ ಬಂದೊಡನೆ ಮುಂದಿನ ಚೀಟಿ ಎತ್ತುವುದು ಆತಿಥೇಯರು ಮಾಡುವ ಬಲು ದೊಡ್ಡ ತಪ್ಪು. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚು ಪ್ರಶ್ನೆ ಕೇಳುವವರು, ಅದರಲ್ಲೂ ಎದುರಿನವರ ಉತ್ತರವನ್ನೇ ಹಿಡಿದು ಮುಂದಿನ ಪ್ರಶ್ನೆ ಕೇಳುವವರು, ಎದುರಿನವರಿಗೆ ಹೆಚ್ಚು ಇಷ್ಟವಾಗಿದ್ದರು. ಆಮೇಲೇನಾಯಿತು, ಆಗ ನಿಮ್ಮ ಜೊತೆ ಯಾರಿದ್ದರು, ಈಗಲೂ ಹಾಗೆಯೇ ಅನ್ನಿಸುತ್ತದೆಯೇ ಎಂಬ ಮೂರು ಪ್ರಶ್ನೆಗಳು ಎಂಥ ಉತ್ತರಕ್ಕೂ ಒದಗುತ್ತವೆ. ಏಕೆ ಎಂದು ಪದೇ ಪದೇ ಕೇಳಿದರೆ ಮಾತ್ರ ಅದು ವಿಚಾರಣೆಯ ದನಿ ಪಡೆಯುತ್ತದೆ. ಹೇಗೆ ಎಂದು ಕೇಳಿದರೆ ಕಥೆ ಬರುತ್ತದೆ.

ಸಂಬಳ, ಮದುವೆ, ಮಕ್ಕಳು, ತೂಕ, ಕಾಯಿಲೆ, ಇವುಗಳನ್ನು ಪ್ರಶ್ನೆಯಾಗಿ ಎತ್ತಬಾರದು. ತಾವಾಗಿ ಯಾರಾದರೂ ಹೇಳಿಕೊಂಡರೆ ಅದು ಬೇರೆ. ಯಾರು ಬೇಕಾದರೂ ಯಾವ ಪ್ರಶ್ನೆಯನ್ನಾದರೂ ಕಾರಣ ಹೇಳದೆ ಬಿಟ್ಟುಬಿಡಬಹುದು ಎಂಬ ನಿಯಮವನ್ನು ಆರಂಭದಲ್ಲೇ ಘೋಷಿಸಬೇಕು. ಬರಿಯ ಘೋಷಣೆ ಸಾಲದು, ಆತಿಥೇಯರು ತಾವೇ ಮೊದಲು ಒಂದು ಪ್ರಶ್ನೆಯನ್ನು ಬಿಟ್ಟು ತೋರಿಸಿದರೆ ಮಾತ್ರ ಉಳಿದವರು ಆ ಹಕ್ಕನ್ನು ಬಳಸುತ್ತಾರೆ. ಹಾಗೆಯೇ ಮೊದಲ ಉತ್ತರವೂ ಆತಿಥೇಯರದ್ದೇ ಆಗಿರಬೇಕು. ಅವರು ಅರ್ಧ ನಿಮಿಷ ಮಾತನಾಡಿದರೆ ಉಳಿದವರೂ ಅಷ್ಟೇ ಮಾತನಾಡುತ್ತಾರೆ, ಐದು ನಿಮಿಷ ಕೊರೆದರೆ ಸಂಜೆಯೆಲ್ಲ ಕೊರೆತವೇ.

ಆರನೆಯ ಹೆಜ್ಜೆ: ಎಡವಟ್ಟುಗಳನ್ನು ನಿಭಾಯಿಸುವುದು

ಪ್ರಶ್ನೆ ಕೇಳಿದ ಮೇಲೆ ಮೌನ ಕವಿದರೆ ಗಾಬರಿಯಾಗಬಾರದು. ಹತ್ತು ಭಾಷೆಗಳ ಸಂಭಾಷಣೆಗಳನ್ನು ಅಳೆದ 2009ರ ಒಂದು ಅಧ್ಯಯನದಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವಿನ ಅಂತರ ಸರಾಸರಿ ಸುಮಾರು 200 ಮಿಲಿಸೆಕೆಂಡ್ ಎಂದು ಕಂಡುಬಂದಿತ್ತು, ಎಂದರೆ ಒಂದು ಸೆಕೆಂಡಿನ ಐದನೇ ಒಂದು ಭಾಗ. ಅದಕ್ಕೆ ಒಗ್ಗಿದ ಕಿವಿಗೆ ಮೂರು ಸೆಕೆಂಡಿನ ಮೌನವೂ ಯುಗದಂತೆ ಕಾಣುವುದು ಸಹಜ. ಮನಸ್ಸಿನಲ್ಲೇ ಐದರವರೆಗೆ ಎಣಿಸಬೇಕು. ಯೋಚಿಸಿ ಮಾತನಾಡುವವರು ಬಾಯಿ ತೆರೆಯುವುದು ನಾಲ್ಕನೆಯ ಎಣಿಕೆಗೆ.

ಎಲ್ಲ ಉತ್ತರಗಳನ್ನೂ ತಾವೇ ಹೇಳಿಬಿಡುವವರಿಗೆ ಸುಮ್ಮನಿರಿ ಎಂದು ಹೇಳುವುದಕ್ಕಿಂತ ಟೈಮರನ್ನು ಅವರ ಕೈಗೆ ಕೊಟ್ಟು ತೀರ್ಪುಗಾರರನ್ನಾಗಿ ಮಾಡುವುದು ಜಾಣತನ. ಅಧಿಕಾರ ಸಿಕ್ಕ ಸಂತೋಷದಲ್ಲಿ ಅವರು ಉಳಿದವರಿಗೆ ಸರದಿ ಬಿಟ್ಟುಕೊಡುತ್ತಾರೆ. ಬಾಯಿಗೆ ಬೀಗ ಹಾಕಿದಂತೆ ಕುಳಿತವರ ವಿಷಯ ಸೂಕ್ಷ್ಮವಾದದ್ದು. ನೀವೇಕೆ ಮಾತನಾಡುತ್ತಿಲ್ಲ ಎಂದು ಎಲ್ಲರೆದುರು ಕೇಳಿದರೆ ಅವರು ಇನ್ನಷ್ಟು ಮುದುಡುತ್ತಾರೆ. ಅಂಕ ಬರೆಯುವ, ಚೀಟಿ ಓದುವ ಕೆಲಸ ಕೊಟ್ಟರೆ ದನಿ ತಾನಾಗಿ ಹೊರಬರುತ್ತದೆ. ಇಂಥವರು ಮನೆಗೆ ಮರಳುವಾಗ ತಾನು ಯಾರಿಗೂ ಇಷ್ಟವಾಗಲಿಲ್ಲ ಎಂದುಕೊಳ್ಳುವುದುಂಟು. ಎರಿಕಾ ಬೂತ್‌ಬಿ ಮತ್ತು ಸಹೋದ್ಯೋಗಿಗಳು 2018ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಹೊಸಬರೊಂದಿಗೆ ಮಾತನಾಡಿದವರು ತಾವು ನಿಜಕ್ಕೂ ಎಷ್ಟು ಮೆಚ್ಚುಗೆಯಾಗಿದ್ದೆವೋ ಅದಕ್ಕಿಂತ ಕಡಿಮೆ ಮೆಚ್ಚುಗೆಯಾದೆವೆಂದು ಭಾವಿಸುತ್ತಿದ್ದರು. ಹಾಗಾಗಿ ಬೀಳ್ಕೊಡುವಾಗ ಅವರು ಹೇಳಿದ ಒಂದು ಮಾತನ್ನು ನೆನಪಿಸಿ ಮೆಚ್ಚುವುದಕ್ಕೆ ಬೆಲೆಯಿದೆ.

ಯಾರದೋ ಹಾಸ್ಯ ಇನ್ನೊಬ್ಬರಿಗೆ ಚುಚ್ಚಿದರೆ ಅಲ್ಲಿ ನ್ಯಾಯ ಪಂಚಾಯಿತಿ ಬೇಡ, ಆತಿಥೇಯರು ತಮ್ಮದೇ ಒಂದು ಪೇಚಿನ ಪ್ರಸಂಗವನ್ನು ಹೇಳಿ ನಗುವಿನ ಗುರಿಯನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳಬೇಕು. ಅಂಕಗಳಿಗಾಗಿ ವಾಗ್ವಾದ ಬೆಳೆದರೆ ಎರಡೂ ತಂಡಕ್ಕೆ ಒಂದೊಂದು ಅಂಕ ಕೊಟ್ಟು ಮುಂದೆ ಸಾಗಬೇಕು. ಕಿವಿ ಮಂದವಾದವರನ್ನು ವೃತ್ತದಲ್ಲಿ ಎಲ್ಲರ ಮುಖ ಕಾಣುವಂತೆ ಕೂರಿಸಬೇಕು, ಬಗ್ಗುವ ಓಡುವ ಆಟಗಳಲ್ಲಿ ಮಂಡಿನೋವಿನವರಿಗೆ ನೋಡುಗರ ಸ್ಥಾನಕ್ಕಿಂತ ತೀರ್ಪುಗಾರರ ಸ್ಥಾನ ಕೊಡಬೇಕು. ಅಭಿನಯಿಸುತ್ತಿರುವವರ ವಿಡಿಯೊ ತೆಗೆಯುವ ಮೊದಲು ಒಪ್ಪಿಗೆ ಕೇಳಬೇಕೆಂದು ಮೊದಲೇ ತಿಳಿಸಿಬಿಡುವುದು ಲೇಸು. ಕ್ಯಾಮೆರಾ ಕಂಡೊಡನೆ ಅರ್ಧ ಕೋಣೆ ಬಿಗಿಯಾಗುತ್ತದೆ.

ನಿಲ್ಲಿಸುವುದು ಯಾವಾಗ

ಇನ್ನೊಂದು ಸುತ್ತು ಆಡೋಣ ಎಂದು ಜನ ಕೇಳುತ್ತಿರುವಾಗಲೇ ಆಟವನ್ನು ನಿಲ್ಲಿಸಬೇಕು. ಆ ಬೇಡಿಕೆಗೆ ಮಣಿದು ಆಡಿಸಿದ ಹೆಚ್ಚುವರಿ ಸುತ್ತು ಸಪ್ಪೆಯಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕೋಣೆಯಲ್ಲಿ ಏಕಕಾಲಕ್ಕೆ ಮೂರು ನಾಲ್ಕು ಕಡೆ ಮಾತು ನಡೆಯುತ್ತಿದ್ದರೆ ಮತ್ತೆ ಚಪ್ಪಾಳೆ ತಟ್ಟಿ ಎಲ್ಲರನ್ನೂ ಕರೆಯಬೇಕಾಗಿಲ್ಲ, ಬಟ್ಟಲನ್ನು ಸದ್ದಿಲ್ಲದೆ ಪಕ್ಕಕ್ಕಿಟ್ಟು ತಾವೂ ಒಂದು ಗುಂಪಿನಲ್ಲಿ ಕೂತುಬಿಡಬಹುದು. ಎಲ್ಲರೂ ಹೊರಟ ಮೇಲೆ ಪದಗಳಿದ್ದ ಚೀಟಿಗಳನ್ನು ಮುಂದಿನ ಕೂಟಕ್ಕೆ ಎತ್ತಿಡಬಹುದು. ಯಾರಾದರೂ ತಮ್ಮ ಸ್ವಂತ ವಿಷಯ ಬರೆದ ಕಾಗದಗಳಿದ್ದರೆ ಅವನ್ನು ಅಂದೇ ಹರಿದು ಹಾಕಬೇಕು.